ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ?



ಚುನಾವಣೆ ಎಂದ ಕೂಡಲೇ “ಅದು ಗಂಡಸರ ಕಟ್ಟೆಯ ಮಾತು, ನಮಗ್ಯಾಕ ಬೇಕು” ಎಂದು ಪುಟ ತಿರುವಿ ಅಡಿಗೆಯ ಅಂಕಣಕ್ಕೆ ಹೋಗಬೇಡಿ. ನಾನೂ ಒಂದು ಕಾಲಕ್ಕೆ ಹಾಗೆಯೇ ಮಾಡುತ್ತಿದ್ದವಳು. ಅದರಿಂದ ನನಗಾದ ಫಜೀತಿಯನ್ನೇ ಮೊದಲು ಹೇಳುತ್ತೇನೆ.

2004ನೆಯ ಇಸವಿ. ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೇ ಚುನಾವಣೆ. ನಾನು ಲಗ್ನವಾಗಿ ಸುರೇಬಾನಕ್ಕೆ ಬಂದು ಮೂರು ವರ್ಷವಾಗಿತ್ತು. ಬೆಳಿಗ್ಗೆ ಬೇಗ ರೊಟ್ಟಿ ಬಡಿದು, ಪಲ್ಯ ಮುಚ್ಚಿಟ್ಟು, ಇಳಕಲ್ ಸೀರೆ ಉಟ್ಟು ಅತ್ತೆಯವರು, ಓಣಿಯ ಹೆಂಗಸರ ಜೊತೆ ಸಾಲಿಗೆ ಹೋದೆ. ಬಿಸಿಲಲ್ಲಿ ಒಂದು ತಾಸು ಸರತಿಯಲ್ಲಿ ನಿಂತದ್ದಾಯಿತು. ನನ್ನ ಪಾಳಿ ಬಂದಾಗ ಪಟ್ಟಿ ಹಿಡಿದು ಕೂತವರು ಎರಡು ಸಲ ಹಾಳೆ ತಿರುವಿ ಹಾಕಿ, “ನಿಮ್ಮ ಹೆಸರಿಲ್ಲವಲ್ಲ ತಾಯಿ” ಎಂದರು. ನಮ್ಮ ಮನೆಯವರ ಹೆಸರಿತ್ತು, ಅತ್ತೆ ಮಾವನವರದೂ ಇತ್ತು. ಹಿಂದಿನ ವರ್ಷ ತೀರಿಕೊಂಡಿದ್ದ ನಮ್ಮ ದೊಡ್ಡ ಮಾವನವರ ಹೆಸರು ಸಹ ಇತ್ತು! ಬದುಕಿದ್ದ ನನ್ನದು ಮಾತ್ರ ಇರಲಿಲ್ಲ. ವಾಪಸು ಬರುವಾಗ ಎಲ್ಲರೂ ಬೆರಳಿನ ಶಾಯಿ ತೋರಿಸಿಕೊಂಡು ನಗುತ್ತಿದ್ದರು. ನಾನು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಡೆದೆ.

ತಪ್ಪು ಯಾರದು? ನನ್ನದೇ. ನನ್ನ ಹೆಸರು ತವರಿನಲ್ಲಿ, ನರಗುಂದ ತಾಲೂಕಿನ ನಮ್ಮ ಹಳ್ಳಿಯ ಪಟ್ಟಿಯಲ್ಲೇ ಉಳಿದಿತ್ತು. 1999ರಲ್ಲಿ ಅಲ್ಲಿ ಒಮ್ಮೆ ಓಟು ಹಾಕಿದ್ದೆ. ಲಗ್ನವಾದ ಮೇಲೆ ರೇಶನ್ ಕಾರ್ಡಿಗೆ ಹೆಸರು ಸೇರಿಸಿದೆವು, ಬ್ಯಾಂಕಿನಲ್ಲಿ ಖಾತೆ ತೆಗೆದೆವು, ಗ್ಯಾಸಿಗೆ ಬರೆಸಿದೆವು. ಓಟಿನ ಪಟ್ಟಿ ಮಾತ್ರ ಯಾರಿಗೂ ನೆನಪಾಗಲಿಲ್ಲ. ಸೊಸೆ ಮನೆಗೆ ಬಂದಳೆಂದರೆ ಅವಳ ಓಟು ತಾನೇ ಹಿಂದೆ ನಡೆದು ಬರುವುದಿಲ್ಲ ನೋಡಿ. ಅದನ್ನು ನಾವೇ ಅರ್ಜಿ ಕೊಟ್ಟು ಕರೆತರಬೇಕು.

ಹೆಣ್ಣುಮಕ್ಕಳ ಹೆಸರು ಪಟ್ಟಿಯಿಂದ ಜಾರಿ ಹೋಗುವುದು ಈ ದೇಶದಲ್ಲಿ ಮೊದಲ ಚುನಾವಣೆಯಿಂದಲೂ ಇದೆ. 1951ರ ಅಕ್ಟೋಬರಿನಿಂದ 1952ರ ಫೆಬ್ರವರಿಯವರೆಗೆ ಸ್ವತಂತ್ರ ಭಾರತದ ಪ್ರಥಮ ಮಹಾ ಚುನಾವಣೆ ನಡೆಯಿತು. ಸುಮಾರು 17 ಕೋಟಿ ಮತದಾರರು, ಅವರಲ್ಲಿ ಬಹಳಷ್ಟು ಮಂದಿಗೆ ಓದು ಬರಹ ಬಾರದು. ಪಟ್ಟಿ ಬರೆಯುವವರು ಮನೆ ಮನೆಗೆ ಹೋದರೆ ಅನೇಕ ಹೆಂಗಸರು ಅಪರಿಚಿತ ಗಂಡಸಿನ ಎದುರು ತಮ್ಮ ಹೆಸರನ್ನೇ ಹೇಳಲಿಲ್ಲ. ಇಂಥವನ ತಾಯಿ, ಇಂಥವನ ಹೆಂಡತಿ ಎಂದಷ್ಟೇ ಹೇಳಿ ಒಳಗೆ ಹೋದರು. ಪಟ್ಟಿಯಲ್ಲಿಯೂ ಹಾಗೆಯೇ ಬಂತು. ಆಗ ಮುಖ್ಯ ಚುನಾವಣಾ ಆಯುಕ್ತರಾಗಿದ್ದವರು ಸುಕುಮಾರ ಸೇನ್. ಹೆಸರಿಲ್ಲದೆ ಮತದಾರಳು ಇರಲಾರಳು ಎಂದು ಅವರು ಬಿಗಿಯಾಗಿ ನಿಂತರು. ಕೊನೆಗೆ ಸುಮಾರು 28 ಲಕ್ಷ ಹೆಂಗಸರ ನಮೂದುಗಳನ್ನು ಪಟ್ಟಿಯಿಂದ ತೆಗೆದುಹಾಕಬೇಕಾಯಿತು. ಇದು ಹೆಚ್ಚಾಗಿ ಬಿಹಾರ, ಉತ್ತರಪ್ರದೇಶ, ರಾಜಸ್ಥಾನದ ಕಡೆ ಆದದ್ದು. ಸೇನ್‌ರು ಕಠಿಣರಾದರೆಂದು ಕೆಲವರು ಬೈದರಂತೆ. ನನಗಂತೂ ಅವರು ಮಾಡಿದ್ದೇ ಸರಿ ಎನಿಸುತ್ತದೆ. ಮುಂದಿನ ಚುನಾವಣೆಯ ಹೊತ್ತಿಗೆ ಹೆಸರು ಹೇಳುವವರು ಬಹಳ ಹೆಚ್ಚಾದರು.

ನಮ್ಮ ಕಡೆ ಮದುವೆ ಮುಂಜಿಯಲ್ಲಿ ಒಡಪು ಹಾಕಿ ಗಂಡನ ಹೆಸರು ಹೇಳುವುದು ನಿಮಗೆಲ್ಲ ಗೊತ್ತೇ ಇದೆ. ಎಷ್ಟು ನಾಚಿಕೆ, ಎಷ್ಟು ನಗೆ! ಆದರೆ ನಮ್ಮ ಸ್ವಂತ ಹೆಸರನ್ನು ಹೇಳಿರೆಂದು ಯಾರಾದರೂ ಒತ್ತಾಯ ಮಾಡಿದ್ದಾರೆಯೇ? ಯೋಚಿಸಿ ನೋಡಿ.

ನಮ್ಮ ರಾಮದುರ್ಗ ಭಾವೆ ಮನೆತನದ ಸಂಸ್ಥಾನವಾಗಿತ್ತು. 1948ರಲ್ಲಿ ಅದು ಮುಂಬಯಿ ಪ್ರಾಂತಕ್ಕೆ ಸೇರಿತು. ಅಂದರೆ ಸಂಸ್ಥಾನಿಕರ ಆಳ್ವಿಕೆ ಮುಗಿದು ನಾಲ್ಕು ವರ್ಷವಾಗುವ ಮೊದಲೇ ಇಲ್ಲಿಯ ಹೆಂಗಸರು ಓಟು ಹಾಕಿದರು! ಆಗ ಈಗಿನಂತೆ ಒಂದೇ ಪೆಟ್ಟಿಗೆ ಇರಲಿಲ್ಲ. ಅಭ್ಯರ್ಥಿಗೊಂದು ಪೆಟ್ಟಿಗೆ, ಅದರ ಮೇಲೆ ಅವನ ಚಿಹ್ನೆ. ಒಳಗೆ ಹೋಗಿ, ಬೇಕಾದ ಚಿಹ್ನೆಯ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬರುವುದು. 1957ರಲ್ಲಿಯೂ ಹೀಗೆಯೇ ನಡೆಯಿತು. ನಮ್ಮ ಅತ್ತೆಯವರ ಅತ್ತೆ ಪೆಟ್ಟಿಗೆಗೆ ಕೈಮುಗಿದು ಚೀಟಿ ಹಾಕಿದ್ದರೆಂದು ಮನೆಯಲ್ಲಿ ಇಂದಿಗೂ ಹೇಳುತ್ತಾರೆ.

ಈಗ ಈ ಓಟು ಸುರೇಬಾನದ ಸಾಲಿಯಿಂದ ದಿಲ್ಲಿಗೆ ಹೇಗೆ ಹೋಗುತ್ತದೆ ಎನ್ನುವುದನ್ನು ನೋಡೋಣ. ನನಗೆ ಇದು ಸರಿಯಾಗಿ ತಿಳಿದದ್ದು ಮಗಳ ಎಂಟನೇ ಇಯತ್ತೆಯ ಪೌರನೀತಿ ಪಾಠ ಹೇಳಿಕೊಡುವಾಗಲೇ. ನಾಚಿಕೊಳ್ಳುವುದೇನಿದೆ?

ದೇಶವನ್ನು 543 ಲೋಕಸಭಾ ಕ್ಷೇತ್ರಗಳಾಗಿ ಹಂಚಿದ್ದಾರೆ. ನಮ್ಮ ಕರ್ನಾಟಕಕ್ಕೆ 28. ಒಂದೊಂದು ಕ್ಷೇತ್ರದಿಂದ ಒಬ್ಬೊಬ್ಬರೇ ಸದಸ್ಯರು. ಇಲ್ಲೊಂದು ಮೋಜು ಇದೆ. ಕ್ಷೇತ್ರದ ಗಡಿ ಜಿಲ್ಲೆಯ ಗಡಿಯನ್ನು ಕೇಳುವುದಿಲ್ಲ. ರಾಮದುರ್ಗ, ಸವದತ್ತಿ, ಬೈಲಹೊಂಗಲದವರು ನಾವೆಲ್ಲ ಬೆಳಗಾವಿ ಕ್ಷೇತ್ರದವರು. ಕಿತ್ತೂರು ಇರುವುದು ಬೆಳಗಾವಿ ಜಿಲ್ಲೆಯಲ್ಲೇ ಆದರೂ ಅಲ್ಲಿಗೆ ಕೊಟ್ಟಿರುವ ನನ್ನ ತಂಗಿ ಓಟು ಹಾಕುವುದು ಉತ್ತರ ಕನ್ನಡ ಕ್ಷೇತ್ರಕ್ಕೆ. ಕಾರವಾರದ ಸಮುದ್ರದ ದಂಡೆಯವರೂ ಅವಳೂ ಒಬ್ಬರನ್ನೇ ಆರಿಸುತ್ತಾರೆ! ನನ್ನ ತವರು ನರಗುಂದವೋ, ಗದಗ ಜಿಲ್ಲೆಯಲ್ಲಿದ್ದರೂ ಬಾಗಲಕೋಟೆ ಕ್ಷೇತ್ರಕ್ಕೆ ಸೇರುತ್ತದೆ. ಹೀಗಾಗಿ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ನಾವು ಅಕ್ಕ ತಂಗಿ, ಅಣ್ಣ ಮೂರು ಮಂದಿಗೆ ಮೂವರು ಬೇರೆ ಬೇರೆ ಎಂ.ಪಿ.ಗಳು. ಲಗ್ನ ನಮ್ಮ ಅಡ್ಡಹೆಸರನ್ನು ಬದಲು ಮಾಡುವಂತೆ ಕ್ಷೇತ್ರವನ್ನೂ ಬದಲು ಮಾಡುತ್ತದೆ.

ಗೆಲ್ಲುವವರು ಯಾರು? ಉಳಿದೆಲ್ಲರಿಗಿಂತ ಹೆಚ್ಚು ಓಟು ಬಂದವರು. ಅರ್ಧಕ್ಕಿಂತ ಹೆಚ್ಚು ಬರಬೇಕೆಂದಿಲ್ಲ. ಒಂದೇ ಓಟು ಹೆಚ್ಚಿದ್ದರೂ ಸಾಕು. ಇದು ಬಾಯಿಮಾತಲ್ಲ. ನಾನು ಓಟು ಹಾಕದೆ ಮರಳಿ ಬಂದೆನಲ್ಲ, ಅದೇ 2004ರಲ್ಲಿ ಚಾಮರಾಜನಗರದ ಕಡೆಯ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಓಟು, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಓಟು! ಸೋತವರ ಕಾರಿನ ಚಾಲಕನೇ ಆ ದಿನ ಕೆಲಸದ ಮೇಲಿದ್ದುದರಿಂದ ಓಟು ಹಾಕಿರಲಿಲ್ಲವೆಂದು ಪತ್ರಿಕೆಗಳಲ್ಲಿ ಬಂತು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ನನ್ನ ಓಟು ಇಲ್ಲಿಯದು, ಆ ಕ್ಷೇತ್ರ ಎಲ್ಲಿಯದೋ. ಆದರೂ ನನ್ನನ್ನೇ ಯಾರೋ ಕೈಮಾಡಿ ತೋರಿಸಿದ ಹಾಗಾಯಿತು.

ಪ್ರಧಾನಿಯನ್ನು ನಾವು ನೇರವಾಗಿ ಆರಿಸುವುದಿಲ್ಲ ಎನ್ನುವುದು ಅನೇಕರಿಗೆ ಗೊತ್ತಿಲ್ಲ. ನಾವು ಆರಿಸುವುದು ನಮ್ಮ ಕ್ಷೇತ್ರದ ಸದಸ್ಯರನ್ನು. 543ರಲ್ಲಿ 272 ಮಂದಿಯ ಬೆಂಬಲ ಯಾರಿಗಿದೆಯೋ ಅವರನ್ನು ರಾಷ್ಟ್ರಪತಿಗಳು ಸರಕಾರ ಮಾಡಲು ಕರೆಯುತ್ತಾರೆ. ಬೆಂಬಲ ಹೋದರೆ ಸರಕಾರವೂ ಹೋಯಿತು. 1999ರ ಏಪ್ರಿಲ್ 17ರಂದು ವಾಜಪೇಯಿಯವರ ಸರಕಾರ ಲೋಕಸಭೆಯಲ್ಲಿ 269ಕ್ಕೆ 270, ಅಂದರೆ ಅಲ್ಲಿಯೂ ಒಂದೇ ಓಟಿನಿಂದ ಬಿತ್ತು. ಮತ್ತೆ ದೇಶವೆಲ್ಲ ಚುನಾವಣೆ. ತವರಿನಲ್ಲಿ ನಾನು ಓಟು ಹಾಕಿದ್ದು ಅದೇ ಚುನಾವಣೆಯಲ್ಲಿ.

ಇದೆಲ್ಲ ಚೆನ್ನಾಗಿ ತಿಳಿಯಬೇಕಾದರೆ 1996ರ ನಮ್ಮ ಬೆಳಗಾವಿಯ ಕತೆಯನ್ನೇ ಕೇಳಬೇಕು. ಆ ಸಲ ನಮ್ಮ ಒಂದು ಕ್ಷೇತ್ರದಲ್ಲಿ ನಿಂತಿದ್ದವರು ಎಷ್ಟು ಮಂದಿ ಗೊತ್ತೇ? 456! ಗಡಿ ತಂಟೆಯತ್ತ ದಿಲ್ಲಿಯ ಲಕ್ಷ್ಯ ಸೆಳೆಯಬೇಕೆಂದು ಮಹಾರಾಷ್ಟ್ರ ಏಕೀಕರಣ ಸಮಿತಿಯವರು ನೂರಾರು ಜನರಿಂದ ನಾಮಪತ್ರ ಹಾಕಿಸಿದ್ದರು. ಅದೇ ವರ್ಷ ಆಂಧ್ರದ ನಲ್ಗೊಂಡದಲ್ಲಿ ಕುಡಿಯುವ ನೀರಿನ ಫ್ಲೋರೈಡ್ ವಿಷಯಕ್ಕೆ 480 ಜನ ನಿಂತಿದ್ದರು. ಅವರ ನೋವು ನಿಜವಾದದ್ದೇ. ಆದರೆ ಓಟು ಹಾಕುವವರ ಪಾಡೇನು? ಮತಪತ್ರವೆಂಬುದು ಒಂದು ಹಾಳೆ ಹೋಗಿ ಪುಸ್ತಕವಾಯಿತು. ನಮ್ಮ ಅತ್ತೆಯವರಿಗೆ ಓದಲು ಬಾರದು. “ಹಾಳಿ ತಿರುವತೀನಿ, ತಿರುವತೀನಿ, ನನ್ನ ಗುರುತು ಬರವಲ್ತು! ಪಂಚಾಂಗ ನೋಡಿಧಂಗ ಆತು” ಎಂದು ಈಗಲೂ ನಗುತ್ತಾರೆ. ಕೊನೆಗೂ ಗುರುತು ಹುಡುಕಿ ಮುದ್ರೆ ಒತ್ತಿಯೇ ಬಂದರಂತೆ. ಅಂಥ ಹೆಣ್ಣುಮಗಳ ಸೊಸೆ ನಾನು, ಪಟ್ಟಿಯಲ್ಲಿ ಹೆಸರು ನೋಡಿಕೊಳ್ಳದೆ ಹೋದವಳು.

ಆಗ ಠೇವಣಿ ಬರೀ 500 ರೂಪಾಯಿ ಇತ್ತು. ಚಲಾವಣೆಯಾದ ಸಿಂಧು ಓಟುಗಳ ಆರನೆಯ ಒಂದು ಪಾಲಿಗಿಂತ ಹೆಚ್ಚು ಬಾರದಿದ್ದರೆ ಅದು ಸರಕಾರಕ್ಕೆ ಜಮಾ. ಆ ಚುನಾವಣೆ ಮುಗಿದ ಮೇಲೆ ಅದೇ ವರ್ಷ ಕಾನೂನು ತಿದ್ದಿ ಠೇವಣಿಯನ್ನು 10,000ಕ್ಕೆ ಏರಿಸಿದರು. ಪಕ್ಷೇತರರಿಗೆ ಹತ್ತು ಜನ ಸೂಚಕರು ಬೇಕೆಂದೂ ಮಾಡಿದರು. 1996ರಲ್ಲಿ ದೇಶದಲ್ಲೆಲ್ಲ 13,952 ಅಭ್ಯರ್ಥಿಗಳಿದ್ದರೆ 1998ರಲ್ಲಿ 4,750ಕ್ಕೆ ಇಳಿಯಿತು. ಠೇವಣಿ ಈಗ 25,000 ರೂಪಾಯಿ; ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರ ಅರ್ಧ. ಬಡವರು ನಿಲ್ಲುವುದು ಕಷ್ಟವಾಯಿತೆನ್ನುವ ಮಾತೂ ಇದೆ. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ.

ಆ 456 ಜನರಲ್ಲಿ ಗೆದ್ದವರು ಜನತಾದಳದ ಶಿವಾನಂದ ಕೌಜಲಗಿ. ಪಕ್ಕದ ಚಿಕ್ಕೋಡಿಯಿಂದ ಅದೇ ಪಕ್ಷದ ಹೆಣ್ಣುಮಗಳು ರತ್ನಮಾಲಾ ಸವಣೂರ ಗೆದ್ದರು. ಕರ್ನಾಟಕದ 28 ಸ್ಥಾನಗಳಲ್ಲಿ ಜನತಾದಳಕ್ಕೆ 16 ಬಂದವು. ದಿಲ್ಲಿಯಲ್ಲಿ ಯಾರಿಗೂ 272 ಇರಲಿಲ್ಲ. ಹೆಚ್ಚು ಸ್ಥಾನ ಪಡೆದ ಪಕ್ಷದ ನಾಯಕರೆಂದು ವಾಜಪೇಯಿಯವರನ್ನು ಕರೆದರು, ಆ ಸರಕಾರ 13 ದಿನ ಬಾಳಿತು. ಬಳಿಕ ಹಲವು ಪಕ್ಷಗಳು ಕೂಡಿ, ಕಾಂಗ್ರೆಸ್ ಹೊರಗಿನಿಂದ ಬೆಂಬಲ ಕೊಟ್ಟು, ಜೂನ್ 1ರಂದು ಎಚ್.ಡಿ. ದೇವೇಗೌಡರು ಪ್ರಧಾನಿಯಾದರು. ಅವರು ಆಗ ನಮ್ಮ ಮುಖ್ಯಮಂತ್ರಿ, ಲೋಕಸಭೆಗೆ ನಿಂತೇ ಇರಲಿಲ್ಲ. ಆಮೇಲೆ ರಾಜ್ಯಸಭೆಗೆ ಆರಿಸಿ ಬಂದರು. ಮುಂದಿನ ವರ್ಷ ಕಾಂಗ್ರೆಸ್ ಕೈಬಿಟ್ಟಿತು, ಏಪ್ರಿಲ್‌ನಲ್ಲಿ ಇಳಿದರು. ಅತ್ತೆಯವರು ಸುರೇಬಾನದ ಸಾಲಿಯಲ್ಲಿ ಪುಸ್ತಕ ತಿರುವಿ ಒತ್ತಿದ ಮುದ್ರೆ ದಿಲ್ಲಿಯ ಗಾದಿಯ ತನಕ ಹೋಗುವ ದಾರಿ ಇದೇ. ಅವರ ಮುದ್ರೆ ಯಾರ ಗುರುತಿನ ಮೇಲೆ ಬಿದ್ದಿತ್ತೋ! ಇಷ್ಟು ವರ್ಷವಾದರೂ ಬಾಯಿ ಬಿಟ್ಟಿಲ್ಲ.

ಬಾಯಿ ಬಿಡಬೇಕಾಗಿಯೂ ಇಲ್ಲ. ಓಟು ಗುಪ್ತವಾದದ್ದು. “ನಮ್ಮ ಮನೆಯ ಐದು ಓಟು ನಿಮಗೇ” ಎಂದು ಹಿರಿಯರು ಕಟ್ಟೆಯಲ್ಲಿ ಕೂತು ಮಾತು ಕೊಟ್ಟು ಬರುವುದು ನಮ್ಮಲ್ಲಿ ರೂಢಿ. ಕೊಡಲಿ ಪಾಪ. ಮರೆಯ ಹಿಂದೆ ನಿಂತಾಗ ನಿಮ್ಮ ಜೊತೆ ಗಂಡನೂ ಇಲ್ಲ, ಮಾವನೂ ಇಲ್ಲ, ಪಕ್ಷದವನೂ ಇಲ್ಲ. ಕಣ್ಣು ಕಾಣದವರು, ಯಂತ್ರ ಒತ್ತಲಾಗದ ಅಶಕ್ತರು ಮಾತ್ರ 18 ತುಂಬಿದ ಒಬ್ಬರನ್ನು ಸಹಾಯಕ್ಕೆ ಕರೆದೊಯ್ಯಬಹುದು. ಹಾಗೆ ಹೋದವರು ಆ ದಿನ ಇನ್ನೊಬ್ಬರಿಗೆ ಸಹಾಯಕರಾಗುವಂತಿಲ್ಲ. ಓದು ಬಾರದು ಎಂಬುದಷ್ಟೇ ಕಾರಣವಾಗಿ ಯಾರೂ ನಿಮ್ಮ ಜೊತೆ ಒಳಗೆ ಬರುವಂತಿಲ್ಲ. ಚಿಹ್ನೆ, ಫೋಟೋ ಇರುವುದೇ ಅದಕ್ಕಾಗಿ.

ಸೀರೆ, ಕುಕ್ಕರ್, ಐನೂರರ ನೋಟಿನ ವಿಷಯ ಬರೆಯದಿದ್ದರೆ ನೀವೇ ನನ್ನನ್ನು ನೋಡಿ ನಗುತ್ತೀರಿ. ಕೊಡುವುದಷ್ಟೇ ಅಲ್ಲ, ತೆಗೆದುಕೊಳ್ಳುವುದೂ ಅಪರಾಧ. ಒಂದು ವರ್ಷದವರೆಗೆ ಶಿಕ್ಷೆ ಆಗಬಹುದು. ಐದು ವರ್ಷಕ್ಕೊಂದು ಕುಕ್ಕರ್ ಎಂದರೆ ದಿನಕ್ಕೆ ಎಷ್ಟು ಪೈಸೆ ಬಿತ್ತೆಂದು ಲೆಕ್ಕ ಹಾಕಿ ನೋಡಿ. ನಾನು ಒಮ್ಮೆ ಹಾಕಿದ್ದೆ. ನಮ್ಮ ಊರಿನ ಸಂತೆಯಲ್ಲಿ ಅಷ್ಟಕ್ಕೆ ಕೊತ್ತಂಬರಿಯ ಒಂದು ಎಸಳೂ ಬರುವುದಿಲ್ಲ.

ಈಗ ಮತಗಟ್ಟೆಯ ಒಳಗೆ ಹೋಗೋಣ. ಮೊದಲ ಅಧಿಕಾರಿ ನಿಮ್ಮ ಗುರುತಿನ ಕಾರ್ಡು ನೋಡಿ, ಪಟ್ಟಿಯಲ್ಲಿ ಹುಡುಕಿ, ಪಕ್ಷದ ಏಜೆಂಟರಿಗೆ ಕೇಳುವಂತೆ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ. ವರ್ಷವೆಲ್ಲ ಅವ್ವ, ವೈನಿ, ಅಕ್ಕಾರ, ಇಂಥವರ ಮನೆಯವರು ಎಂದು ಕರೆಸಿಕೊಳ್ಳುವ ನನಗೆ ಹತ್ತು ಜನರ ಎದುರು ನನ್ನ ಪೂರ್ತಿ ಹೆಸರು ಕೇಳಿದಾಗ ಮೊದಲ ಸಲ ಗಾಬರಿಯೇ ಆಗಿತ್ತು. ಎರಡನೆಯವರು ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ ರುಜು ಇಲ್ಲವೇ ಹೆಬ್ಬೆಟ್ಟು ತೆಗೆದುಕೊಳ್ಳುತ್ತಾರೆ. ಆ ಶಾಯಿ ನಮ್ಮ ಮೈಸೂರಿನದು. 1962ರಿಂದಲೂ ಮೈಸೂರು ಪೇಂಟ್ಸ್ ಮತ್ತು ವಾರ್ನಿಷ್ ಕಾರ್ಖಾನೆಯಲ್ಲೇ ತಯಾರಾಗಿ ದೇಶಕ್ಕೆಲ್ಲ ಹೋಗುತ್ತದೆ. ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ತಿಕ್ಕಿದರೂ ಹೋಗುವುದಿಲ್ಲ, ನಾನು ನೋಡಿದ್ದೇನೆ! ಆಮೇಲೆ ಮರೆಗೆ ಹೋಗಿ ಗುಂಡಿ ಒತ್ತಿ. ಪಕ್ಕದ ಪೆಟ್ಟಿಗೆಯ ಗಾಜಿನಲ್ಲಿ ನೀವು ಒತ್ತಿದ ಹೆಸರು, ಚಿಹ್ನೆಯ ಚೀಟಿ ಏಳು ಸೆಕೆಂಡು ಕಾಣುತ್ತದೆ. ಅವಸರ ಮಾಡದೆ ಅದನ್ನು ನೋಡಿಯೇ ಬನ್ನಿ. ಯಾರೂ ಒಪ್ಪಿಗೆಯಾಗದಿದ್ದರೆ ಕೊನೆಗೆ ‘ನೋಟಾ’ ಎಂಬ ಗುಂಡಿಯೂ ಇದೆ, 2013ರಲ್ಲಿ ಬಂದದ್ದು. ಒಂದು ಯಂತ್ರಕ್ಕೆ 16 ಗುಂಡಿ. ಈಗಿನ ಹೊಸ ಮಾದರಿಯಲ್ಲಿ 24 ಯಂತ್ರ ಜೋಡಿಸಿದರೂ ನೋಟಾ ಸೇರಿ 384 ಆಗುತ್ತದೆ. ಅಂದರೆ ನಮ್ಮ 1996ರ 456 ಜನ ಇವತ್ತು ನಿಂತರೂ ಯಂತ್ರಕ್ಕೆ ಹಿಡಿಸುವುದಿಲ್ಲ, ಮತ್ತೆ ಪುಸ್ತಕವೇ ಗತಿ.

ನೀವು ಹೋಗುವಷ್ಟರಲ್ಲಿ ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಓಟು ಹಾಕಿ ಹೋಗಿದ್ದರೆ? ಅಳುತ್ತ ಮನೆಗೆ ಬರಬೇಡಿ. ನೀವು ನೀವೇ ಎಂದು ಗುರುತು ತೋರಿಸಿದರೆ ಕಾಗದದ ಮತಪತ್ರ ಕೊಡುತ್ತಾರೆ. ಅದಕ್ಕೆ ಟೆಂಡರ್ ಮತ ಎನ್ನುತ್ತಾರೆ. ಅದನ್ನು ಯಂತ್ರಕ್ಕೆ ಹಾಕದೆ ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಕೇಳಿ ಪಡೆಯಬೇಕು, ಅಷ್ಟೇ.

2024ರಲ್ಲಿ ದೇಶದಲ್ಲಿ ಓಟು ಹಾಕಿದ ಹೆಂಗಸರು ನೂರಕ್ಕೆ 65.78, ಗಂಡಸರು 65.55. ಸರತಿಯಲ್ಲಿ ನಾವೇ ಮುಂದು! ಆದರೆ ಗೆದ್ದು ಹೋದ ಹೆಂಗಸರು 543ರಲ್ಲಿ 74 ಮಾತ್ರ. ನಮ್ಮ ಬೆಳಗಾವಿಯಿಂದ ಮೊದಲ ಹೆಣ್ಣುಮಗಳು ಹೋದದ್ದು 2021ರಲ್ಲಿ. ಸುರೇಶ ಅಂಗಡಿಯವರು ತೀರಿಕೊಂಡ ಮೇಲೆ ನಡೆದ ಉಪಚುನಾವಣೆಯಲ್ಲಿ ಅವರ ಪತ್ನಿ ಮಂಗಲಾ ಅಂಗಡಿ ಐದು ಸಾವಿರದಷ್ಟು ಓಟಿನಿಂದ ಗೆದ್ದರು. 2024ರಲ್ಲಿ ಚಿಕ್ಕೋಡಿಯಿಂದ ಪ್ರಿಯಾಂಕಾ ಜಾರಕಿಹೊಳಿ ಹೋಗಿದ್ದಾರೆ. ಮೂರರಲ್ಲೊಂದು ಸ್ಥಾನ ಹೆಂಗಸರಿಗೆ ಎಂದು 2023ರಲ್ಲಿ ಕಾನೂನು ಮಾಡಿದರು. ದೊಡ್ಡ ಮನೆತನದ ಹೆಣ್ಣುಮಕ್ಕಳಿಗೆ ಮಾತ್ರವೇ, ಮಗ್ಗದ ಮನೆಯವರಿಗೂ ಟಿಕೀಟು ಸಿಗುತ್ತದೆಯೇ, ಅದನ್ನು ನಾನು ಕಾಯುತ್ತಿದ್ದೇನೆ.

ಸರಿ, ಪಟ್ಟಿಗೆ ಬರೋಣ. ಗುರುತಿನ ಕಾರ್ಡು ಇದ್ದ ಮಾತ್ರಕ್ಕೆ ಓಟು ಇದೆಯೆಂದು ತಿಳಿಯಬೇಡಿ, ಪಟ್ಟಿಯಲ್ಲಿ ಹೆಸರಿರಬೇಕು. ಹೆಸರಿದ್ದು ಕಾರ್ಡು ಕಳೆದಿದ್ದರೆ ಆಧಾರ್, ಫೋಟೋ ಇರುವ ಬ್ಯಾಂಕಿನ ಪಾಸ್‌ಬುಕ್, ಉದ್ಯೋಗ ಖಾತ್ರಿಯ ಕಾರ್ಡು ನಡೆಯುತ್ತದೆ. ಹೊಸದಾಗಿ ಹೆಸರು ಸೇರಿಸಲು ನಮೂನೆ 6. ಮೊದಲು ಜನವರಿ 1ಕ್ಕೆ 18 ತುಂಬಿರಬೇಕೆಂದಿತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೆಯ ತಾರೀಖುಗಳಲ್ಲಿ ಯಾವುದಕ್ಕೆ ತುಂಬಿದರೂ ಆಗುತ್ತದೆ. ತವರಿನಿಂದ ಗಂಡನ ಮನೆಗೆ ಹೆಸರು ತರಲು, ತಪ್ಪು ತಿದ್ದಿಸಲು ನಮೂನೆ 8. ತೀರಿಕೊಂಡವರ ಹೆಸರು ತೆಗೆಸಲು ನಮೂನೆ 7. ನಿಮ್ಮ ಮತಗಟ್ಟೆಯ ಬಿ.ಎಲ್.ಓ. ಹೆಚ್ಚಾಗಿ ಊರಿನ ಶಿಕ್ಷಕರೋ ಅಂಗನವಾಡಿಯವರೋ ಆಗಿರುತ್ತಾರೆ. ಅವರಲ್ಲಿ ಕೊಡಬಹುದು, ತಹಸೀಲದಾರರ ಕಚೇರಿಯಲ್ಲಿ ಕೊಡಬಹುದು, ಮಕ್ಕಳಿಗೆ ಹೇಳಿ ಮೊಬೈಲಿನಲ್ಲೂ ತುಂಬಬಹುದು. ಸಂಶಯವಿದ್ದರೆ 1950 ನಂಬರಿಗೆ ಫೋನು ಮಾಡಿ. ಎರಡೂ ಕಡೆ ಹೆಸರು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ನಾಮಪತ್ರದ ಕೊನೆಯ ದಿನ ದಾಟಿದರೆ ಆ ಚುನಾವಣೆಗೆ ಹೆಸರು ಸೇರುವುದಿಲ್ಲ, ಆದುದರಿಂದ ಭಾಷಣದ ಮೈಕು ಕೂಗುವ ತನಕ ಕಾಯಬೇಡಿ.

85 ದಾಟಿದ ಹಿರಿಯರಿಗೆ ಮನೆಯಲ್ಲೇ ಓಟು ಹಾಕುವ ಅನುಕೂಲವಿದೆ. ಮೊದಲೇ ನಮೂನೆ 12ಡಿ ತುಂಬಿ ಕೊಡಬೇಕು. ಕೊಟ್ಟ ಮೇಲೆ ಮತಗಟ್ಟೆಗೆ ಹೋಗುವಂತಿಲ್ಲ. 2024ರಲ್ಲಿ ನಮ್ಮ ಅತ್ತೆಯವರಿಗೆ ಕೇಳಿದರೆ, “ಮನಿಗೆ ಯಾಕ ಬರತಾರ? ನಾ ಏನ್ ಹಾಸಿಗಿ ಹಿಡದೀನೇನ? ಸಾಲಿಗೇ ಹೋಗತೀನಿ” ಎಂದರು. ಮೇ 7ರ ಬಿಸಿಲಿಗೆ ಮುಂಚೆ, ಮೊಮ್ಮಗಳ ಕೈ ಹಿಡಿದು ಹೋಗಿ ಬಂದರು.

ಆ ಮೊಮ್ಮಗಳಿಗೆ ಈಗ ಬೈಲಹೊಂಗಲದ ಕಡೆಯ ಮನೆತನವೊಂದು ಗೊತ್ತಾಗಿದೆ. ಮೊನ್ನೆ ಲಗ್ನದ ಸಾಮಾನಿನ ಚೀಟಿ ಬರೆಯಲು ಕೂತಿದ್ದೆ. ಅಕ್ಕಿ, ಬೆಲ್ಲ, ತೊಗರಿಬೇಳೆ, ಬಾಸಿಂಗ, ಅರಿಷಿಣ, ಕೊಬ್ಬರಿ ಬಟ್ಟಲು ಎಲ್ಲ ಬರೆದು ಕೆಳಗೆ ‘ನಮೂನೆ 8, ಒಂದು’ ಎಂದು ಬರೆದೆ. ಚೀಟಿ ಹಿಡಿದು ಪೇಟೆಗೆ ಹೊರಟ ನಮ್ಮ ಮನೆಯವರು ಹೊಸ್ತಿಲಲ್ಲಿ ನಿಂತು ಓದಿ, “ಇದು ಯಾವ ಅಂಗಡ್ಯಾಗ ಸಿಗತೈತಿ?” ಎಂದು ಕೇಳಿದರು.